ಮಾರ್ಟಳ್ಳಿಯ ಕಂಪ್ಯೂಟರ್ ಕೇಳಿದ ನಲವತ್ತೆಂಟು ಅಂಕಿ

"ಅಕ್ಕ, ಕಂಪ್ಯೂಟ್ರು ನಮ್ಮುನ್ನ ಒಳಿಕ್ಕೆ ಬುಡ್ತಾ ಇಲ್ಲ" ಎಂದು ಮಾರ್ಟಳ್ಳಿಯ ಚಿಕಿತ್ಸಾಲಯದ ನರ್ಸ್ ಸಿಸ್ಟರ್ ಫೋನ್ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ. ಕೊಳ್ಳೇಗಾಲದ ನನ್ನ ರಿಪೇರಿ ಅಂಗಡಿಯಲ್ಲಿ ನಾನು ಪ್ರಿಂಟರ್ ಒಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಇಂಥ ಫೋನು ವಾರಕ್ಕೆ ಎರಡಾದರೂ ಬರುತ್ತದೆ. ಹೆಚ್ಚಾಗಿ ಪಾಸ್‌ವರ್ಡ್ ಮರೆತಿರುತ್ತಾರೆ, ಇಲ್ಲವೇ ಕ್ಯಾಪ್ಸ್‌ಲಾಕ್ ಒತ್ತಿಕೊಂಡು ಕೂತಿರುತ್ತದೆ. ಅದನ್ನೇ ಕೇಳಿದೆ.

"ಪಾಸ್‌ವರ್ಡ್ ಕೇಳ್ತಾನೇ ಇಲ್ಲ ಕಣಕ್ಕ. ನೀಲಿ ಪರದೆ ಬಂದದೆ. ನಲ್ವತ್ತೆಂಟು ಅಂಕಿ ಹಾಕು ಅಂತದೆ."

ನನ್ನ ಕೈಯ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಏನನ್ನೂ ಒತ್ತಬೇಡಿ, ಪರದೆಯ ಫೋಟೊ ಕಳಿಸಿ, ನಾಳೆ ಮೊದಲ ಬಸ್ಸಿಗೆ ಬರುತ್ತೇನೆ ಎಂದೆ.

ಮಾರ್ಟಳ್ಳಿಯಲ್ಲಿ ಒಂದು ಸೇವಾ ಸಂಸ್ಥೆ ನಡೆಸುವ ಚಿಕ್ಕ ಚಿಕಿತ್ಸಾಲಯ ಅದು. ಎರಡು ಕೋಣೆ, ಒಂದು ಜಗಲಿ. ಪ್ರತಿ ತಿಂಗಳ ಎರಡನೇ ಶುಕ್ರವಾರ ಮೈಸೂರಿನಿಂದ ಡಾಕ್ಟರು ಬಂದು ಮೂರ್ಛೆರೋಗದವರನ್ನು ನೋಡುತ್ತಾರೆ. ಸುತ್ತಲಿನ ಊರುಗಳಿಂದ, ತಮಿಳುನಾಡಿನ ಗಡಿಯ ಪಾಲಾರಿನಿಂದಲೂ, ನೂರೈವತ್ತರ ಹತ್ತಿರ ಜನ ಅಲ್ಲಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಯಾರಿಗೆ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವ ತಿಂಗಳು ಏರಿಸಿದ್ದು, ಯಾವ ತಿಂಗಳು ಇಳಿಸಿದ್ದು, ಕೊನೆಯ ಸಲ ಫಿಟ್ಸ್ ಬಂದದ್ದು ಯಾವಾಗ, ಎಲ್ಲವೂ ಆ ಒಂದು ಕಂಪ್ಯೂಟರಿನಲ್ಲಿತ್ತು. ಮೂರು ವರ್ಷದ ಹಿಂದೆ ಅದು ಬಂದ ಮೇಲೆ ಕಾಗದದ ರಿಜಿಸ್ಟರ್ ಬರೆಯುವುದನ್ನು ನಿಲ್ಲಿಸಿದ್ದರು. ಡಾಕ್ಟರು ಬರಲು ಇನ್ನು ನಾಲ್ಕು ದಿನ ಉಳಿದಿತ್ತು.

ಮಂಗಳವಾರ ಹನೂರಿನಲ್ಲಿ ಬಸ್ ಬದಲಿಸಿ ಮಾರ್ಟಳ್ಳಿ ತಲುಪಿದಾಗ ಹತ್ತೂವರೆ. ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. ಮೂವತ್ತು ದಾಟದ, ಚುರುಕಾದ ಹೆಂಗಸು. ತಾನೇ ಏನೋ ಕೆಡಿಸಿದೆ ಎಂಬ ಅಳುಕು ಮುಖದಲ್ಲಿತ್ತು.

"ಮೂರು ವಾರ್ದಿಂದ ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತಾ ಇತ್ತು. ನಾನು ಆಮೇಲೆ, ಆಮೇಲೆ ಅಂತ ಒತ್ತಿ ಒತ್ತಿ ಇಟ್ಟೆ. ಕೆಲ್ಸದ್ ವೊತ್ನಲ್ಲಿ ಅದ್ರ ಮುಂದೆ ಯಾರು ಕೂತಾರು? ನೆನ್ನೆ ಕೇಳ್ಳೇ ಇಲ್ಲ. ಆನ್ ಮಾಡ್ದೇಟ್ಗೆ ಅದೇ ಸುರು ಅಚ್ಕತ್ತು."

"ಆಮೇಲೆ?"

"ಅರ್ವತ್ತೇಳು ಪರ್ಸೆಂಟ್ ಬಂದಿತ್ತು. ಕರೆಂಟ್ ಓಯ್ತು."

ಯುಪಿಎಸ್‌ನ ಬ್ಯಾಟರಿ ತಿಂಗಳಿನಿಂದ ಕುಂಯ್ ಅನ್ನುತ್ತಿತ್ತಂತೆ. ಕರೆಂಟು ಹೋದ ಗಳಿಗೆಯಲ್ಲೇ ಅದೂ ಕೈಬಿಟ್ಟಿತ್ತು. ಆಗಿದ್ದಿಷ್ಟು: ಅಪ್‌ಡೇಟು ಅರ್ಧದಲ್ಲಿ ನಿಂತಿದ್ದರಿಂದ ಕಂಪ್ಯೂಟರಿಗೆ ತನ್ನೊಳಗೆ ಯಾರೋ ಕೈಯಾಡಿಸಿದ್ದಾರೆ ಎಂಬ ಅನುಮಾನ ಬಂದಿದೆ. ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಒಂದು ಬೀಗ ತಾನಾಗಿಯೇ ಬಿದ್ದಿರುತ್ತದೆ. ಎಲ್ಲ ಸರಿಯಿರುವಾಗ ಆ ಬೀಗ ಇದೆಯೆಂದು ಯಾರಿಗೂ ತಿಳಿಯುವುದಿಲ್ಲ. ಅನುಮಾನ ಬಂದ ದಿನ ಅದು ನಲವತ್ತೆಂಟು ಅಂಕಿಯ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಕಂಪ್ಯೂಟರನ್ನು ಮೊದಲ ದಿನ ಯಾರ ಖಾತೆಯಿಂದ ತೆರೆದರೋ ಅವರ ಇಂಟರ್‌ನೆಟ್ ಖಾತೆಯಲ್ಲಿ ಕೂತಿರುತ್ತದೆ.

"ಮೊದಲ ದಿನ ಇದನ್ನು ತೆರೆದವರು ಯಾರು?"

"ನಮ್ಮ್ ಮೇಷ್ಟ್ರು" ಎಂದರು ಸಿಸ್ಟರ್.

ಮೇಷ್ಟ್ರು ಆ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಆಮೇಲೂ ಊರು ಬಿಡದೆ, ಸಂಬಳ ಕೇಳದೆ, ಚಿಕಿತ್ಸಾಲಯದ ಲೆಕ್ಕಪತ್ರವನ್ನೆಲ್ಲ ನೋಡಿಕೊಂಡಿದ್ದರು. ಕಂಪ್ಯೂಟರ್ ಬಂದ ದಿನ ಅದಕ್ಕೊಂದು ಇಮೇಲ್ ಬೇಕೆಂದಾಗ ತಮ್ಮದನ್ನೇ ಕೊಟ್ಟರು. ದಿನದ ಬಳಕೆಗೆ ನಾಲ್ಕಂಕಿಯ ಪಿನ್ ಇಟ್ಟು ಸಿಸ್ಟರಿಗೂ ಹೇಳಿಕೊಟ್ಟರು. ಹಾಗಾಗಿ ಖಾತೆಯ ನಿಜವಾದ ಪಾಸ್‌ವರ್ಡು ಮತ್ತೆ ಯಾರಿಗೂ ಬೇಕಾಗಲಿಲ್ಲ. ಆರು ತಿಂಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಅವರ ಹೆಂಡತಿ ಅವರನ್ನು ಯಳಂದೂರಿನ ಬಳಿ ತನ್ನ ತಮ್ಮನ ಊರಾದ ಹೊನ್ನೂರಿಗೆ ಕರೆದುಕೊಂಡು ಹೋಗಿದ್ದರು.

ನಾವು ಹೀಗೆ ಮಾತಾಡುತ್ತಿದ್ದಾಗ ಪಾಲಾರಿನ ಕಡೆಯ ತಾಯಿ, ಮಗಳು ಬಂದರು. ಮಗಳಿಗೆ ಇಪ್ಪತ್ತರ ಆಸುಪಾಸು. ಮಾತ್ರೆ ಮುಗಿದಿತ್ತು. ಮಾತ್ರೆಯ ಪ್ರಮಾಣ ಬರೆದು ಪ್ರತಿಯೊಬ್ಬರಿಗೂ ಕೊಟ್ಟಿದ್ದ ಹಳದಿ ಪುಸ್ತಕವನ್ನು ಆ ತಾಯಿ ಸೆರಗಿನಿಂದ ತೆಗೆದಳು. ನೀರು ಬಿದ್ದು ಇಂಕು ಹರಡಿ, ಅಂಕಿಗಳಿದ್ದ ಕಡೆ ನೀಲಿ ಮೋಡವಷ್ಟೇ ಉಳಿದಿತ್ತು.

"ವೆಳ್ಳೆ ಮಾತ್ರೆ ಕಾಲೈಲ ಒಂದು, ಸಂಜೆಗೆ ಒಂದು. ಅಪ್ಪುರಂ ಅರ್ಧ ಇನ್ನೊಂದು ಅದೆ ಸಿಸ್ಟರಮ್ಮ, ಅದು ಯಾವುದು ಅಂತ ನೀವೇ ನೋಡಿ ಕೊಡಿ" ಎಂದಳು ತಾಯಿ, ತಮಿಳು ಕನ್ನಡ ಕೂಡಿಸಿ.

ಬಿಳಿ ಮಾತ್ರೆಗಳೇ ಅಲ್ಲಿ ಮೂರು ಬಗೆಯಿದ್ದವು. ಸಿಸ್ಟರ್ ನನ್ನತ್ತ ನೋಡಿದರು. ಆ ಹುಡುಗಿಗೆ ಒಂದು ವರ್ಷದಿಂದ ಫಿಟ್ಸ್ ಬಂದಿರಲಿಲ್ಲ. ಆ ಧೈರ್ಯದಲ್ಲೇ ಹನೂರಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ ಹೊಲಿಗೆ ಕಲಿಯುತ್ತಿದ್ದಳು. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದರು. ಕೈಯಲ್ಲಿ ಉಳಿದಿದ್ದ ಮಾತ್ರೆಯ ಖಾಲಿ ಪಟ್ಟಿಯನ್ನು ನೋಡಿ ಒಂದನ್ನು ಗುರುತಿಸಿದರು, ಮೂರು ದಿನಕ್ಕಾಗುವಷ್ಟು ಕೊಟ್ಟರು. ಅರ್ಧ ಮಾತ್ರೆ ಯಾವುದೆಂದು ತಿಳಿಯಲೇ ಇಲ್ಲ. ದಾಖಲೆ ಸಿಗದಿದ್ದರೆ ಪುಸ್ತಕ ಕೆಟ್ಟವರಿಗೆ, ಕಳೆದುಕೊಂಡವರಿಗೆಲ್ಲ ಮೊದಲಿನಿಂದ ಅಳೆದು ನೋಡಬೇಕಾಗುತ್ತದೆ, ಅಷ್ಟರಲ್ಲಿ ಕೆಲವರಿಗೆ ಮತ್ತೆ ಫಿಟ್ಸ್ ಬಂದೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು.

ತಾಯಿ, ಮಗಳು ಹೋದ ಮೇಲೆ ಮೇಜಿನ ಡ್ರಾಯರಿನಲ್ಲಿ ಹುಡುಕಿದೆವು. ಮೇಷ್ಟ್ರು ದಾಖಲೆಗಳ ಪ್ರತಿ ಇಳಿಸಿಡುತ್ತಿದ್ದ ಪೆನ್‌ಡ್ರೈವ್ ಸಿಕ್ಕಿತು. ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ಅದು ಓದಿಸಿಕೊಳ್ಳಲಿಲ್ಲ. ಎರಡು ತಂತ್ರಾಂಶ ಹಾಕಿ ನೋಡಿದೆ. ಅದರ ಚಿಪ್ಪೇ ಸತ್ತಿತ್ತು.

ಮೇಷ್ಟ್ರ ಇಮೇಲ್ ವಿಳಾಸ ಗೋಡೆಯ ಮೇಲಿನ ಚೀಟಿಯಲ್ಲಿತ್ತು. ಖಾತೆಯ ಪುಟ ತೆರೆದು 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬುದನ್ನು ಒತ್ತಿದರೆ, ಅವರ ಹಳೆಯ ಮೊಬೈಲಿಗೆ ಸಂಖ್ಯೆ ಕಳಿಸುತ್ತೇನೆ ಎಂದಿತು. ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಕಲಬುರಗಿ ಕಡೆಯ ಒಬ್ಬ ಗಂಡಸು. ಮೇಷ್ಟ್ರ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಿಸದೆ ಆ ನಂಬರು ಅವರಿಗೆ ಹೋಗಿತ್ತು. ನಾನು ಇದ್ದದ್ದನ್ನು ಇದ್ದಂತೆ ಹೇಳಿ, ನಿಮಗೊಂದು ಸಂಖ್ಯೆ ಬರುತ್ತದೆ, ದಯವಿಟ್ಟು ಓದಿ ಹೇಳುತ್ತೀರಾ ಎಂದು ಕೇಳಿದೆ.

ಆತ ಸಮಾಧಾನದಿಂದಲೇ ಕೇಳಿಸಿಕೊಂಡರು. "ಅಕ್ಕಾರ, ಓಟಿಪಿ ಯಾರ್ ಕೇಳಿದ್ರೂ ಕೊಡಬ್ಯಾಡ್ರಿ ಅಂತ ದಿನಾ ಫೋನಿನಾಗ ಹೇಳ್ತಾರ. ನೀವು ಖರೇನೇ ಹೇಳ್ತಿರಬಹುದು. ಆದ್ರ ನಾ ಕೊಡಂಗಿಲ್ರಿ."

ಫೋನ್ ಇಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ನಾನು ಮಾಡಿದ್ದು ಇಪ್ಪತ್ತು ವರ್ಷದ ಅನುಭವವಿದ್ದವಳು ಮಾಡಬಾರದಿದ್ದ ಕೆಲಸ. ಊಹಿಸಲು ಕೂತೆ. ಮೇಷ್ಟ್ರ ಹೆಸರು, ಹುಟ್ಟಿದ ವರ್ಷ, ಶಾಲೆಯ ಹೆಸರು, ಹೆಂಡತಿಯ ಹೆಸರು. ಸಿಸ್ಟರ್ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳಿದಂತೆಲ್ಲ ಬಡಿದು ನೋಡಿದೆ. ಏಳನೆಯದೋ ಎಂಟನೆಯದೋ ತಪ್ಪಾದಾಗ ಖಾತೆ ಬಾಗಿಲು ಹಾಕಿಕೊಂಡಿತು. ನಾಳೆ ಪ್ರಯತ್ನಿಸಿ ಎಂದು ಬಂತು. ಉಳಿದಿದ್ದ ಮೂರು ದಿನದಲ್ಲಿ ಒಂದನ್ನು ನನ್ನ ಕೈಯಾರೆ ಕಳೆದಿದ್ದೆ.

ಮಧ್ಯಾಹ್ನ ಮೈಸೂರಿನ ಕಚೇರಿಯಿಂದ ಸಂಸ್ಥೆಯ ಸಂಯೋಜಕರು ಫೋನ್ ಮಾಡಿದರು. ಅವರ ಮಾತು ಚುಟುಕಾಗಿತ್ತು. "ಫಾರ್ಮ್ಯಾಟ್ ಮಾಡಿಬಿಡಿ ಮೇಡಂ. ಶುಕ್ರವಾರಕ್ಕೆ ಕಂಪ್ಯೂಟರ್ ನಡೀತಾ ಇರಬೇಕು. ಹೋದ ಡೇಟಾ ಹೋಯ್ತು, ಹೊಸದಾಗಿ ಬರ್ಕೊಳ್ಳಲಿ."

ನನ್ನ ಕೆಲಸದಲ್ಲಿ ಇದು ತೀರ ಸಲೀಸಾದ ಉತ್ತರ. ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಯಂತ್ರಕ್ಕೆ ನಾನೂ ಇದನ್ನೇ ಹೇಳುತ್ತೇನೆ. ನಲವತ್ತು ನಿಮಿಷದ ಕೆಲಸ, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಆದರೆ ಆ ತಾಯಿ ನೆನೆದ ಪುಸ್ತಕವನ್ನು ಮತ್ತೆ ಜೋಪಾನವಾಗಿ ಮಡಿಸಿ ಸೆರಗಿಗೆ ಕಟ್ಟಿಕೊಂಡಿದ್ದು ಕಣ್ಣ ಮುಂದೆಯೇ ಇತ್ತು. ಅಳಿಸಿದರೆ ಮುಗಿಯಿತು, ಆಮೇಲೆ ಕೀಲಿ ಸಿಕ್ಕರೂ ತೆರೆಯಲು ಒಳಗೆ ಏನೂ ಇರುವುದಿಲ್ಲ.

"ಶುಕ್ರವಾರಕ್ಕೆ ಕಂಪ್ಯೂಟರ್ ನಡೆಯುತ್ತೆ ಸರ್. ಆದರೆ ಈ ಡಿಸ್ಕನ್ನ ನಾನು ಅಳಿಸೋದಿಲ್ಲ. ಬೇರೆ ಡಿಸ್ಕ್ ಹಾಕ್ತೀನಿ. ಇದನ್ನ ನನ್ನ ಬಳಿ ಇಟ್ಕೊಳ್ಳೋಕೆ ಒಪ್ಪಿಗೆ ಬರೆದು ಕಳಿಸಿ" ಎಂದೆ.

ಅವರು ಫೋನ್ ಇಟ್ಟರು. ಆಮೇಲೆ ಒಪ್ಪಿಗೆಯ ಸಂದೇಶ ಬಂತು.

ಹಳೆಯ ಡಿಸ್ಕನ್ನು ಬಿಚ್ಚಿ, ಸ್ಥಿರವಿದ್ಯುತ್ ತಗುಲದ ಬೆಳ್ಳಿಬಣ್ಣದ ಚೀಲದಲ್ಲಿ ಹಾಕಿ, ಬಟ್ಟೆ ಸುತ್ತಿ ಬ್ಯಾಗಿನಲ್ಲಿಟ್ಟೆ. ನನ್ನ ಬಳಿಯಿದ್ದ ಇನ್ನೊಂದು ಡಿಸ್ಕನ್ನು ಹಾಕಿ ಕಂಪ್ಯೂಟರನ್ನು ಎಬ್ಬಿಸಿದೆ. ನೀಲಿ ಪರದೆಯಲ್ಲಿದ್ದ ಗುರುತಿನ ಸಾಲಿನ ಫೋಟೊ ನನ್ನ ಫೋನಿನಲ್ಲಿತ್ತು. ಸರಿಯಾದ ಕೀಲಿ ಯಾವುದೆಂದು ಹೇಳುವುದು ಆ ಸಾಲು.

ಹೊರಡುವಾಗ ಸಿಸ್ಟರ್ ಕೇಳಿದರು. "ಮೇಷ್ಟ್ರ್‌ನ ಕೇಳಾಕ್ ಓಯ್ತೀರಾ? ಮಾತೇ ಬರಲ್ವಲ್ಲಕ್ಕ."

"ಅರ್ಥ ಆಗುತ್ತಲ್ವಾ ಅವರಿಗೆ?"

"ಎಲ್ಲಾ ಅರ್ತಾಯ್ತದೆ. ಅದೇ ಅವ್ರ್ಗೂ ಕಷ್ಟ."

ಬುಧವಾರ ಮಧ್ಯಾಹ್ನ ಯಳಂದೂರಿನಲ್ಲಿ ಇಳಿದು ಹೊನ್ನೂರಿಗೆ ಆಟೊ ಹಿಡಿದೆ. ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ಮನೆಯ ನಡುವಿನ ಕೋಣೆಯಲ್ಲಿ ಮೇಷ್ಟ್ರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಗಡ್ಡ ನುಣ್ಣಗೆ ಬೋಳಿಸಿ, ಬಿಳಿ ಅಂಗಿಗೆ ಇಸ್ತ್ರಿ ಹಾಕಿತ್ತು. ಅವರ ಹೆಂಡತಿ ನನ್ನನ್ನು ಕೂರಿಸಿ, ವಿಷಯ ಕೇಳಿ, ಗಂಡನ ಕಿವಿಯ ಬಳಿ ಬಾಗಿದರು.

"ಮಾರ್ಟಳ್ಳಿ ಕಂಪ್ಯೂಟ್ರು ಕೆಟ್ಟೋಗದಂತೆ ಕಣ್ರಿ. ನಿಮ್ಮ್ ಪಾಸ್‌ವರ್ಡ್ ಬೇಕಂತೆ."

ಮೇಷ್ಟ್ರ ಕಣ್ಣು ನನ್ನ ಮೇಲೆ ನಿಂತಿತು. ನಾನು ನಡೆದದ್ದೆಲ್ಲವನ್ನೂ ಹೇಳಿದೆ, ಹಿಂದಿನ ದಿನ ಊಹಿಸಿ ಬಾಗಿಲು ಮುಚ್ಚಿಸಿದ್ದನ್ನೂ ಸೇರಿಸಿ. ಅವರು ತುಟಿ ಅಲುಗಿಸಿದರು. ಬಂದದ್ದು "ಹ್ಞೂಂ" ಎಂಬ ಒಂದೇ ಸದ್ದು. ಎಡಗೈ ಎತ್ತಿ ಗಾಳಿಯಲ್ಲಿ ಬೆರಳಾಡಿಸಿದರು. ಟೈಪ್ ಮಾಡುತ್ತೇನೆ ಎಂದು.

ಮೊದಲು ಫೋನ್ ಕೊಟ್ಟೆ. ಅಕ್ಷರಗಳು ಚಿಕ್ಕವು, ಬೆರಳು ನಡುಗಿ ಪಕ್ಕದ್ದರ ಮೇಲೆ ಬೀಳುತ್ತಿತ್ತು. ಅದನ್ನು ಬಿಟ್ಟು ಲ್ಯಾಪ್‌ಟಾಪನ್ನು ಮಡಿಲ ಮೇಲೊಂದು ಹಲಗೆಯಿಟ್ಟು ಕೂರಿಸಿದೆ. ಖಾತೆಯ ಪುಟ ತೆರೆದುಕೊಂಡಿತು. ಅವರು ಎಡಗೈಯ ತೋರುಬೆರಳಿನಿಂದ ನಿಧಾನವಾಗಿ, ಆದರೆ ಎಲ್ಲೂ ಯೋಚಿಸದೆ ಒಂದೊಂದೇ ಕೀಲಿಯನ್ನು ಒತ್ತಿದರು. ಎಂಟೊಂಬತ್ತು ಚುಕ್ಕೆ ಮೂಡಿದವು. ತಪ್ಪು ಎಂದು ಬಂತು.

ಮತ್ತೆ ಒತ್ತಿದರು. ಮತ್ತೂ ತಪ್ಪು.

ಮೇಷ್ಟ್ರು ಲ್ಯಾಪ್‌ಟಾಪನ್ನು ಮೆಲ್ಲನೆ ಆಚೆಗೆ ತಳ್ಳಿ ಗೋಡೆಯ ಕಡೆ ತಿರುಗಿದರು. ಹೆಂಡತಿ ಅವರ ಹೆಗಲ ಮೇಲೆ ಕೈಯಿಟ್ಟರು. "ಮರ್ತೋಗಿರ್ಬೋದು ಬುಡವ್ವ. ಎಷ್ಟ್ ದಿನ ಆಯ್ತು" ಎಂದು ನನಗೆ ಹೇಳಿದರು. ಅದಕ್ಕೆ ಮೇಷ್ಟ್ರು ಗೋಡೆ ನೋಡುತ್ತಲೇ ತಲೆಯನ್ನು ಬಲವಾಗಿ ಅಲ್ಲಾಡಿಸಿದರು. ಮರೆತಿಲ್ಲ.

ಮಜ್ಜಿಗೆ ಬಂತು. ಕುಡಿಯುತ್ತ ಯೋಚಿಸಿದೆ. ಮರೆತವರ ಬೆರಳು ಹಾಗೆ ಓಡುವುದಿಲ್ಲ. ಹಾಗಾದರೆ ಅವರು ಸರಿಯಾಗಿಯೇ ಒತ್ತುತ್ತಿದ್ದಾರೆ, ಅದು ಹೋಗಿ ಸೇರುವುದರಲ್ಲೇ ಏನೋ ತಪ್ಪುತ್ತಿದೆ. "ಖಾತೆಯ ಪುಟ ಬೇಡ ಸಾರ್. ಖಾಲಿ ಹಾಳೆಯಲ್ಲಿ ಒಂದು ಸಲ ಬೆರಳಾಡಿಸಿ. ನಾನು ಪರದೆ ನೋಡಲ್ಲ, ನಿಮ್ಮ ಕೈ ಮಾತ್ರ ನೋಡ್ತೀನಿ" ಎಂದೆ. ಅವರು ತಿರುಗಿದರು.

ಮೊಟ್ಟಮೊದಲು ಬೆರಳು ಹೋದದ್ದು ಎಡ ತುದಿಯ ಶಿಫ್ಟ್ ಕೀಲಿಗೆ. ಅದನ್ನು ಒತ್ತಿ, ಬಿಟ್ಟು, ಆಮೇಲೆ ಅಕ್ಷರವನ್ನು ಒತ್ತಿದರು. ಕೊನೆಯಲ್ಲಿ ಮತ್ತೊಮ್ಮೆ ಶಿಫ್ಟ್, ಬಿಟ್ಟು, ಒಂದು ಅಂಕಿ.

ಮಡಿಲಲ್ಲಿ ಬಿದ್ದಿದ್ದ ಅವರ ಬಲಗೈಯನ್ನು ನಾನು ಆಗ ನೋಡಿದೆ. ದೊಡ್ಡಕ್ಷರ ಬರಬೇಕಾದರೆ ಒಂದು ಕೈ ಶಿಫ್ಟನ್ನು ಒತ್ತಿ ಹಿಡಿದಿರಬೇಕು, ಇನ್ನೊಂದು ಕೈ ಅಕ್ಷರವನ್ನು ಒತ್ತಬೇಕು. ಅವರ ಮನಸ್ಸಿನಲ್ಲಿ ಎರಡೂ ಕೈ ಇನ್ನೂ ಇದ್ದವು, ಹಲಗೆಯ ಮೇಲೆ ಒಂದೇ ಇತ್ತು.

"ಸಾರ್, ಶಿಫ್ಟ್ ನಾನು ಹಿಡ್ಕೋತೀನಿ. ಹ್ಞೂಂ ಅಂದಾಗ ಒತ್ತುತೀನಿ. ಮತ್ತೆ ಹ್ಞೂಂ ಅಂದಾಗ ಬಿಡ್ತೀನಿ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಮುಖದ ಒಂದೇ ಬದಿಯಿಂದ ನಕ್ಕರು.

ಮತ್ತೆ ಖಾತೆಯ ಪುಟಕ್ಕೆ ಬಂದೆವು. ನಾನು ಶಿಫ್ಟಿನ ಮೇಲೆ ಬೆರಳಿಟ್ಟು ಮುಖವನ್ನು ಬಾಗಿಲ ಕಡೆ ತಿರುಗಿಸಿದೆ. ಅದು ಅವರ ಪಾಸ್‌ವರ್ಡು. ತುರ್ತು ಎಷ್ಟೇ ಇರಲಿ, ತಿಳಿದುಕೊಳ್ಳುವ ಹಕ್ಕು ನನಗಿರಲಿಲ್ಲ. ಹ್ಞೂಂ, ಒತ್ತಿದೆ. ಹ್ಞೂಂ, ಬಿಟ್ಟೆ. ಅವರ ಬೆರಳಿನ ಟಕ್ ಟಕ್ ಮುಂದುವರಿಯಿತು. ಮತ್ತೆ ಹ್ಞೂಂ, ಮತ್ತೆ ಹ್ಞೂಂ. ಎಂಟರ್ ಒತ್ತಿದ ಸದ್ದು.

"ಏನೋ ಬೇರೆ ಬಂತು ಕಣವ್ವ" ಎಂದರು ಅವರ ಹೆಂಡತಿ.

ತಿರುಗಿದರೆ ಖಾತೆ ತೆರೆದಿತ್ತು. ಇನ್ನೊಂದು ಸಂಖ್ಯೆ ಕೇಳಿ ಕಲಬುರಗಿಯವರ ಫೋನಿಗೆ ಕಳಿಸಿಬಿಟ್ಟರೆ ಎಂದು ಹೆದರಿದ್ದೆ. ಕೇಳಲಿಲ್ಲ. ಆ ಎರಡನೆಯ ಕಾವಲನ್ನು ಮೇಷ್ಟ್ರು ಹಾಕಿಯೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಅದು ತಪ್ಪೆಂದು ನಾನೇ ಅವರಿಗೆ ಪಾಠ ಹೇಳುತ್ತಿದ್ದೆ. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೂ ಹಿಡಿದಂತೆಯೇ ಉಳಿಯುವ ಸೌಲಭ್ಯ ಎಲ್ಲ ಕಂಪ್ಯೂಟರಿನಲ್ಲೂ ಇದೆ, ಒಂದೇ ಕೈಯಿರುವವರಿಗಾಗಿಯೇ. ಅದು ನನಗೆ ನೆನಪಾದದ್ದು ವಾಪಸ್ ಬಸ್ಸಿನಲ್ಲಿ.

ಖಾತೆಯೊಳಗೆ ಎರಡು ಕೀಲಿಗಳಿದ್ದವು. ಫೋಟೊದ ಗುರುತಿನ ಸಾಲಿಗೆ ಎರಡನೆಯದು ಹೊಂದಿತು. ಹಳೆಯ ಡಿಸ್ಕನ್ನು ತೆಗೆದು, ಬೇರೆ ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿ, ನನ್ನ ಲ್ಯಾಪ್‌ಟಾಪಿಗೆ ತಂತಿ ಹಾಕಿದೆ. ಕೀಲಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ, ಆರಾರು ಅಂಕಿಯ ಎಂಟು ಗುಂಪು. ಮೇಷ್ಟ್ರ ಹೆಂಡತಿ ಓದಿದರು, ನಾನು ಒತ್ತಿದೆ, ಪ್ರತಿ ಗುಂಪು ಮುಗಿದಾಗ ಮೇಷ್ಟ್ರು ಹಾಳೆಯನ್ನೂ ಪರದೆಯನ್ನೂ ನೋಡಿ ಹಲಗೆಯನ್ನು ಬೆರಳಿನಿಂದ ತಟ್ಟಿದರು. ಐದನೆಯ ಗುಂಪಿನಲ್ಲಿ ತಟ್ಟಲಿಲ್ಲ. ನೋಡಿದರೆ ಮೂರರ ಜಾಗದಲ್ಲಿ ಎಂಟು ಒತ್ತಿದ್ದೆ.

ಡಿಸ್ಕ್ ತೆರೆಯಿತು. ಮೂರು ವರ್ಷದ ಪಟ್ಟಿ, ಒಂದು ಸಾಲೂ ಕೆಡದೆ ಇತ್ತು. ಮೊದಲು ಅದನ್ನು ಎರಡು ಕಡೆ ಪ್ರತಿ ಮಾಡಿದೆ. ಆಮೇಲಷ್ಟೇ ಮಜ್ಜಿಗೆಯ ಲೋಟ ಖಾಲಿ ಮಾಡಿದೆ.

ಲ್ಯಾಪ್‌ಟಾಪ್ ಮುಚ್ಚಲು ಹೋದಾಗ ಮೇಷ್ಟ್ರು ತಡೆದರು. ಬೆರಳಿನಿಂದ ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋಗಿ ಒಂದು ಸಾಲಿನ ಬಳಿ ನಿಲ್ಲಿಸಿದರು. ಅದು ಕೆಂಪಾಗಿತ್ತು. ಇನ್ನೊಂದು ಕೆಂಪು ಸಾಲು, ಮತ್ತೊಂದು. ಒಟ್ಟು ಐದು. ನಾನದನ್ನು ನೋಡಿದ್ದೆ, ಏನೋ ಬಣ್ಣದ ಅಂದಚಂದ ಇರಬೇಕು ಎಂದುಕೊಂಡಿದ್ದೆ.

ಹೆಂಡತಿ ಬಾಗಿ ನೋಡಿ ಹೇಳಿದರು. "ಎರಡ್ ತಿಂಗ್ಳು ಬರ್ದೆ ಇದ್ದೋರು ಕೆಂಪಾಯ್ತಾರೆ. ಅಂಗೆ ಮಾಡಿಟ್ಟಿದ್ರು. ಬೆಳಗ್ಗೆ ಕಾಪಿ ಕುಡುದ್ಬುಟ್ಟು ಅವ್ರ್ಗೆಲ್ಲ ಇವ್ರೇ ಫೋನ್ ಮಾಡೋರು. ಯಾಕ್ ಬರ್ನಿಲ್ಲ, ಮಾತ್ರೆ ಅದಾ, ಬಸ್ಗೆ ಬರಾಕಾಯ್ತದಾ ಅಂತ."

ಈ ಕೆಲಸವೊಂದು ಇತ್ತೆಂದು ಸಿಸ್ಟರಿಗೂ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಮೇಷ್ಟ್ರು ಹೆಸರುಗಳನ್ನು ಬರೆದುಕೊಂಡು ಹೋಗಿ ಅದನ್ನು ಮನೆಯಿಂದ, ತಮ್ಮ ಫೋನಿನಿಂದ ಮಾಡುತ್ತಿದ್ದರು. ಆರು ತಿಂಗಳಿಂದ ಆ ಸಾಲುಗಳು ಕೆಂಪಾಗುತ್ತ ಹೋಗಿದ್ದವು, ನೋಡುವವರಿರಲಿಲ್ಲ. ಐದೂ ಹೆಸರು, ನಂಬರುಗಳನ್ನು ಬರೆದುಕೊಂಡೆ. ಬರೆದು ಮುಗಿಸುವ ತನಕ ಅವರು ಬೆರಳು ತೆಗೆಯಲಿಲ್ಲ.

ಗುರುವಾರ ಮತ್ತೆ ಮಾರ್ಟಳ್ಳಿ. ಡಿಸ್ಕನ್ನು ಅದರ ಜಾಗಕ್ಕೆ ಹಾಕಿ, ಕೇಳಿದ ಅಂಕಿಗಳನ್ನು ಕೊಟ್ಟು, ನಿಂತಿದ್ದ ಅಪ್‌ಡೇಟನ್ನು ಮೊದಲು ಪೂರ್ತಿ ಮಾಡಿಸಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿದ್ದೆ. ಅದರ ನಡುವೆ ಒಂದು ಸಲ ಕರೆಂಟು ಹೋಯಿತು, ಸಿಸ್ಟರ್ ನನ್ನ ತೋಳು ಹಿಡಿದುಕೊಂಡರು, ಕಂಪ್ಯೂಟರ್ ನಡೆಯುತ್ತಲೇ ಇತ್ತು. ಖಾತೆಯನ್ನು ಚಿಕಿತ್ಸಾಲಯದ ಹೆಸರಿಗೆ ಬದಲಿಸಿದೆವು. ಆ ನಲವತ್ತೆಂಟು ಅಂಕಿಗಳನ್ನು ಎರಡು ಹಾಳೆಯಲ್ಲಿ ಮುದ್ರಿಸಿ, ಒಂದನ್ನು ಬೀರುವಿನಲ್ಲಿ, ಒಂದನ್ನು ಮೈಸೂರಿನ ಕಚೇರಿಯಲ್ಲಿ ಇಡುವುದೆಂದಾಯಿತು. ಇನ್ನು ಮುಂದೆ ಅಪ್‌ಡೇಟಿಗೆ ಭಾನುವಾರ ಮಧ್ಯಾಹ್ನವೇ ಸಮಯ.

"ಅದು ಕೇಳ್ದಾಗ ಆಮೇಲೆ ಅನ್ನೋದು ತೆಪ್ಪಾ?" ಎಂದರು ಸಿಸ್ಟರ್.

"ತಪ್ಪಲ್ಲ. ಆಮೇಲೆ ಅಂದ್ರೆ ಯಾವಾಗ ಅಂತ ನಾವೇ ಹೇಳಿರಬೇಕು ಅಷ್ಟೆ."

ಆಮೇಲೆ ಅವರು ಕೆಂಪು ಸಾಲಿನ ಮೊದಲ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ಕೌದಳ್ಳಿ ಹತ್ತಿರದ ಒಬ್ಬ ಕೂಲಿಕಾರ. ಯಾಕೆ ಬರಲಿಲ್ಲ ಎಂದರೆ ಅವನು ಹೇಳಿದ್ದು ನನಗೂ ಕೇಳಿಸಿತು.

"ಬರ್ದೆ ಇದ್ರೆ ಮೇಷ್ಟ್ರು ಫೋನ್ ಮಾಡೋರು ಸಿಸ್ಟರಮ್ಮ. ಮಾಡ್ಳೇ ಇಲ್ಲ. ಇನ್ನು ಮಾತ್ರೆ ಬ್ಯಾಡ, ವಾಸಿಯಾಯ್ತು ಅಂತ ಅನ್ಕಬುಟ್ಟೆ. ಓದ್ ತಿಂಗ್ಳು ಎಲ್ಡ್ ಸತಿ ಬಿದ್ಬುಟ್ಟೆ."

ಸಿಸ್ಟರ್ ಅವನ ಹೆಸರಿನ ಮುಂದೆ ಪೆನ್ನಿನಿಂದ ಒಂದು ಗುರುತು ಹಾಕಿದರು. "ನಾಳಿಕ್ ಬಾ. ಮೊದುಲ್ನೇ ಬಸ್ಗೇ ಬಾ" ಎಂದರು.

ಶುಕ್ರವಾರ ಜಗಲಿಯ ಮೇಲೆ ಜಾಗವಿರಲಿಲ್ಲ. ಪಾಲಾರಿನ ಹುಡುಗಿಯ ಅರ್ಧ ಮಾತ್ರೆ ಯಾವುದೆಂದು ಒಂದು ನಿಮಿಷದಲ್ಲಿ ಸಿಕ್ಕಿತು. ಸಿಸ್ಟರ್ ಅವಳಿಗೆ ಹೊಸ ಪುಸ್ತಕ ಬರೆದುಕೊಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದರು. ಕೌದಳ್ಳಿಯವನು ಬಂದ. ಕೆಂಪು ಸಾಲಿನ ಇನ್ನೂ ಮೂವರು ಬಂದರು. ಸಂಜೆ ನಾಲ್ಕಕ್ಕೆ ಡಾಕ್ಟರು ಹೊರಟ ಮೇಲೆ ನಾನು ಹೊನ್ನೂರಿಗೆ ಫೋನ್ ಮಾಡಿ, ಐದರಲ್ಲಿ ನಾಲ್ಕು ಜನ ಬಂದರೆಂದು ಮೇಷ್ಟ್ರಿಗೆ ಹೇಳಿ ಎಂದೆ. ಅವರ ಹೆಂಡತಿ ಹೇಳಿದ್ದು ಕೇಳಿಸಿತು.

"ಒಂದು ಬೆರಳು ತೋರುಸ್ತಾವ್ರೆ ಕಣವ್ವ" ಎಂದರು ಅವರು. "ಬರ್ದೆ ಇದ್ದೋರು ಯಾರು ಅಂತ ಕೇಳ್ತಾವ್ರೆ."

ನಾನು ಫೋನನ್ನು ಸಿಸ್ಟರ್ ಕೈಗೆ ಕೊಟ್ಟೆ. ಅವರು ಆ ಹೆಸರನ್ನು, ಊರನ್ನು ಹೇಳಿ, "ನಾಳಿಕ್ ಬೆಳಗ್ಗೆ ನಾನೇ ಅವ್ರ ಮನ್ಗ ಓಯ್ತೀನಿ ಮೇಷ್ಟ್ರೇ" ಎಂದರು.